ನಲವತ್ನಾಲ್ಕು ಇಂಚು

ಎಡವಟ್ಟು ಶುರುವಾದದ್ದು ಒಂದು ಮಾತಿನಿಂದ. ಬೇಕರಿಯ ಕೊನೆಯ ದಿನ ನಾನು ಮನೆಗೆ ಫೋನ್ ಮಾಡಿ, "ಯಜಮಾನ್ರು ನಂಗೊಂದು ಮಿಕ್ಸರ್ ಕೊಟ್ಟಿದ್ದಾರೆ, ತರ್ತಾ ಇದೀನಿ" ಎಂದೆ. ತಮ್ಮನ ಹೆಂಡತಿಯ ಕಿವಿಗೆ ಅದು ಮಿಕ್ಸಿ ಎಂದು ಬಿತ್ತು. "ತನ್ನಿ ಅತ್ತಿಗೆ, ನಮ್ಮದೂ ಹಳೇದಾಗಿದೆ. ಜಾಗ ಮಾಡಿದ್ರಾಯ್ತು" ಎಂದಳು. ಸಂಜೆ ಗಾಡಿಯವನೂ ತಮ್ಮನೂ ಏದುಸಿರು ಬಿಡುತ್ತ ಅದನ್ನು ಎರಡು ಮಹಡಿ ಹತ್ತಿಸಿ ಊಟದ ಮೇಜಿನ ಮೇಲೆ ಇಟ್ಟಾಗ ಅವಳ ಮುಖ ನೋಡಬೇಕಿತ್ತು. ಹದಿಮೂರು ಕಿಲೋ ಕಬ್ಬಿಣ. ಮುಂದಕ್ಕೆ ಚಾಚಿದ ದಪ್ಪ ತಲೆ, ಅದರ ಕೆಳಗೆ ಸ್ಟೀಲಿನ ಬಟ್ಟಲು, ಹಿಟ್ಟು ನಾದಲು ಒಂದು ಕೊಕ್ಕೆ.

"ಇದು ಮಿಕ್ಸಿ ಅಲ್ವಲ್ಲ ಅತ್ತಿಗೆ."

"ಮಿಕ್ಸಿ ಅಂತ ಯಾರಂದ್ರು? ಮಿಕ್ಸರ್ ಅಂದೆ. ಹಿಟ್ಟು ನಾದೋದು."

ಅಂದಿನಿಂದ ನಾವು ಮೂವರೂ ಅದರ ಸುತ್ತ ತಟ್ಟೆಗಳನ್ನು ಓರೆಯಾಗಿ ಇಟ್ಟುಕೊಂಡು ಊಟ ಮಾಡತೊಡಗಿದೆವು.

ಇಪ್ಪತ್ತಾರು ವರ್ಷ ನಾನು ಒಂದೇ ಬೇಕರಿಯಲ್ಲಿ ಹಿಟ್ಟು ನಾದಿದವಳು. ಹೋದ ವರ್ಷ ಬಲಗೈ ಮಣಿಕಟ್ಟು ಕೈಕೊಟ್ಟಿತು. ಅದೇ ವರ್ಷ ಅಲ್ಲಿಗೆ ಆಳೆತ್ತರದ ಯಂತ್ರವೂ ಬಂತು. ನನ್ನನ್ನು ಕಳಿಸುವಾಗ ಯಜಮಾನರಿಗೆ ನಾಚಿಕೆಯಾಗಿರಬೇಕು, ಮೂಲೆಯಲ್ಲಿದ್ದ ಈ ಸಣ್ಣದನ್ನು ಕೊಟ್ಟು ಕೈ ತೊಳೆದುಕೊಂಡರು. ಡಾಕ್ಟರು ಹೇಳಿದ್ದು ಎರಡೇ ಮಾತು: ಕೈಯಲ್ಲಿ ನಾದಬೇಡಿ, ನೀರಿನ ಚೊಂಬಿಗಿಂತ ಭಾರ ಎತ್ತಬೇಡಿ.

ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರೆ. ನನ್ನಲ್ಲಿ ಕುಡಿಕೆಯೂ ಇರಲಿಲ್ಲ. ತಮ್ಮನ ಮನೆಯಲ್ಲಿ ಒಂದು ಮಂಚ ಇತ್ತು, ಅಷ್ಟೇ. ಹಾಗಾಗಿ ಕೆಳಗಿನ ಚಹಾ ಅಂಗಡಿಯವನು, "ಆಚೆ ಸೋಮವಾರದಿಂದ ದಿನಾ ಬೆಳಿಗ್ಗೆ ಆರಕ್ಕೆ ಅರವತ್ತು ಬನ್ನು ಕೊಡ್ತೀರಾ? ಆಗಲ್ಲ ಅಂದ್ರೆ ಈಗ್ಲೇ ಹೇಳಿ, ಬೇರೆಯವರಿದ್ದಾರೆ" ಎಂದಾಗ, ಹಿಂದೆ ಮುಂದೆ ನೋಡದೆ ಹೂಂ ಎಂದುಬಿಟ್ಟೆ. ಒಲೆಯ ಕೆಳಗೆ ಓವನ್ ಇತ್ತು. ಇಷ್ಟು ದಿನ ಅದರಲ್ಲಿ ಬಾಣಲೆಗಳು ಸಂಸಾರ ಮಾಡಿಕೊಂಡಿದ್ದವು. ಬೇಕಾಗಿದ್ದದ್ದು ಯಂತ್ರಕ್ಕೆ ಒಂದು ಜಾಗ ಮಾತ್ರ, ಅದಕ್ಕೆ ಉಳಿದದ್ದು ಒಂಬತ್ತು ದಿನ. ಜಾಗ ಸಿಕ್ಕರೆ ನಾನು ಈ ಮನೆಯಲ್ಲಿ ದುಡಿಯುವವಳು, ಸಿಗದಿದ್ದರೆ ಬಂದು ಸೇರಿಕೊಂಡವಳು. ನನ್ನ ಲೆಕ್ಕ ಅಷ್ಟು ಸರಳವಾಗಿತ್ತು.

ತಮ್ಮ ದರ್ಜಿ. ಕತ್ತಿನಲ್ಲಿ ಸದಾ ಅಳತೆಪಟ್ಟಿ, ಆದ್ದರಿಂದ ಬೀದಿಗೆಲ್ಲ ಅವನು ಟೇಪು. ಅವನ ಹೆಂಡತಿ ಕಣ್ಣಿನ ಆಸ್ಪತ್ರೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಟೋಕನ್ ನಂಬರು ಕೂಗುವವಳು, ಅವಳು ಟೋಕನ್ನು. ಮನೆಗೆ ಬರುವ ಹೊತ್ತಿಗೆ ಅವಳ ಗಂಟಲು ಕಟ್ಟಿರುತ್ತದೆ, ಜಗಳವಾಡಲು ದನಿ ಉಳಿದಿರುವುದಿಲ್ಲ. ನನ್ನ ಹತ್ತಿರ ದನಿ ಬೇಕಾದಷ್ಟಿತ್ತು, ಹಕ್ಕು ಇರಲಿಲ್ಲ.

ಅಡುಗೆಮನೆ ಏಳಡಿಗೆ ಒಂಬತ್ತಡಿ. ಕಟ್ಟೆಯ ಒಂದು ತುದಿಗೆ ಸಿಂಕು, ಅದರ ಪಕ್ಕಕ್ಕೇ ಒಲೆ, ಇನ್ನೊಂದು ತುದಿಯಲ್ಲಿ ಕಿಟಕಿಯ ಪಕ್ಕ ಸ್ವಲ್ಪ ಖಾಲಿ ಜಾಗ. ಸ್ವಿಚ್ಚು ಇರುವುದೂ ಅಲ್ಲೇ. ಟೋಕನ್ನು ಕೆಲಸದಿಂದ ಬಂದವಳು ಹೆಗಲ ಚೀಲವನ್ನೂ ಇಳಿಸದೆ ಅಲ್ಲಿ ಮೊಣಕೈ ಊರಿ ಹತ್ತು ನಿಮಿಷ ಕಿಟಕಿಯಾಚೆ ನೋಡುತ್ತ ನಿಲ್ಲುತ್ತಾಳೆ. ಆಗ ಅವಳನ್ನು ಯಾರೂ ಮಾತಾಡಿಸುವಂತಿಲ್ಲ. ಕಟ್ಟೆಯ ಮೇಲ್ಗಡೆ ಏಳಡಿ ಗೋಡೆಯುದ್ದಕ್ಕೂ ಐದು ಬಾಗಿಲಿನ ಕಪಾಟು. ಅವಳ ಬೇಳೆ, ಅಕ್ಕಿ, ಸಾಂಬಾರ ಸಾಮಾನು, ಮದುವೆಯಲ್ಲಿ ಬಂದು ಇನ್ನೂ ಬಳಸದ ಪಾತ್ರೆ, ಎಲ್ಲ ಅದರೊಳಗೆ.

ಮೊದಲು ಸಿಂಕಿನ ಕೆಳಗೆ ಇಟ್ಟು ನೋಡಿದೆವು. "ಬೇಕಾದಾಗ ತೆಗೀರಿ, ಆಮೇಲೆ ಒಳಗಿಡಿ" ಎಂದಳು ಟೋಕನ್ನು. ದಿನಾ ಬಗ್ಗಿ ಹದಿಮೂರು ಕಿಲೋ ಎತ್ತುವ ಕೈ ನನಗಿದ್ದಿದ್ದರೆ ಈ ಯಂತ್ರವೇ ಬೇಕಿರಲಿಲ್ಲ. ಆಮೇಲೆ ಫ್ರಿಜ್ಜಿನ ಮೇಲೆ ಇಟ್ಟೆವು. ನೆತ್ತಿಯ ಮೇಲೆ ಅದನ್ನು ಇಟ್ಟುಕೊಂಡು ಹಾಲು ತೆಗೆಯುವ ಧೈರ್ಯ ಮೂವರಲ್ಲಿ ಒಬ್ಬರಿಗೂ ಬರಲಿಲ್ಲ. ನನ್ನ ಕೋಣೆಯಲ್ಲಿಟ್ಟರೆ ಹಾಸಿಗೆಯೆಲ್ಲ ಹಿಟ್ಟು, ಮೇಲಾಗಿ ಅಲ್ಲಿನ ಸ್ವಿಚ್ಚಿಗೆ ಅದನ್ನು ತಡೆಯುವ ಶಕ್ತಿ ಇಲ್ಲ. ಕೊನೆಗೆ ಉಳಿದದ್ದು ಕಿಟಕಿಯ ಪಕ್ಕ. ಟೋಕನ್ನು ಮೊಣಕೈ ಊರುವ ಜಾಗ. ಟೇಪು ಸುಮ್ಮನೆ ಹೊತ್ತು ತಂದು ಅಲ್ಲಿಟ್ಟ.

ಅಲ್ಲೂ ಒಂದು ತೊಡಕು. ಯಂತ್ರವೇನೋ ಕಪಾಟಿನ ಕೆಳಗೆ ಹಿಡಿಸಿತು. ಆದರೆ ಬಟ್ಟಲು ಕೂರಿಸಬೇಕಾದರೆ ಅದರ ತಲೆ ಹಿಂದಕ್ಕೆ ಎತ್ತಬೇಕು. ಎತ್ತಿದರೆ ಕಪಾಟಿನ ತಳಕ್ಕೆ ಠಣ್ಣೆಂದು ಬಡಿಯಿತು.

"ತಲೆ ತಗ್ಗಿಸ್ಕೊಂಡಿದ್ರೆ ಎಲ್ಲಾ ಕಡೆ ಹಿಡಿಸುತ್ತೆ ಅಕ್ಕ, ಎತ್ತೋಕೆ ಹೋದ್ರೇ ತೊಂದ್ರೆ" ಎಂದು ಟೇಪು ನಕ್ಕ. ಅವನು ಹೇಳಿದ್ದು ಯಂತ್ರದ ಮಾತು. ನಾನೂ ನಕ್ಕೆ. ಟೋಕನ್ನು ನಗಲಿಲ್ಲ.

ಎರಡನೇ ದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಳ್ಳುತ್ತ ಅವಳೇ ಹೇಳಿದಳು: "ಕಪಾಟಲ್ಲಿ ಕಿಟಕಿ ಕಡೆ ಬಾಗಿಲಿನ ಭಾಗ ತೆಗೆಸ್ಬಿಡಿ. ಒಂದು ಬಾಗಿಲು. ಒಂದೇ." ಅಂದು ರಾತ್ರಿ ಊಟವಾದ ಮೇಲೆ ಆ ಭಾಗವನ್ನು ತಾನೇ ಖಾಲಿ ಮಾಡಿ, ಡಬ್ಬಿಗಳನ್ನು ಉಳಿದ ನಾಲ್ಕು ಬಾಗಿಲುಗಳ ಹಿಂದೆ ಒತ್ತೊತ್ತಾಗಿ ತುಂಬಿದಳು. ನಾನು ಸಹಾಯಕ್ಕೆ ಹೋದರೆ "ನಿಮ್ಮ ಕೈ ನೋವಲ್ವಾ, ಕೂತ್ಕೊಳ್ಳಿ" ಎಂದಳು. ಅದರಲ್ಲಿ ಸಿಟ್ಟು ಇರಲಿಲ್ಲ, ದಣಿವಿತ್ತು. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು, ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ.

ಬಡಗಿಗೆ ಕೊಡಲು ಟೇಪು ಅಳತೆ ತೆಗೆದ. ದರ್ಜಿ ಹೇಗೆ ತೆಗೆಯುತ್ತಾನೋ ಹಾಗೆ ತೆಗೆದ. ಯಂತ್ರದ ಹೊಟ್ಟೆಗೆ ಪಟ್ಟಿ ಸುತ್ತಿ, ಒಳಗೆ ಎರಡು ಬೆರಳಿಟ್ಟು, ಸುತ್ತಳತೆ ನಲವತ್ತು ಎಂದ. ತಲೆ ಎತ್ತಿಸಿ ಮೇಲಿನಿಂದ ಕೆಳಗೆ ಹಿಡಿದು, ಉದ್ದ ಹದಿನೆಂಟು ಎಂದ. "ನಾಲ್ಕಿಂಚು ಲೂಸು ಇರ್ಲಿ, ಉಸಿರಾಡೋಕೆ ಬೇಡ್ವಾ" ಎಂದು ನಲವತ್ತಕ್ಕೆ ನಾಲ್ಕು ಸೇರಿಸಿದ. ಚೀಟಿಯಲ್ಲಿ ಬರೆದದ್ದು ಎರಡೇ ಸಂಖ್ಯೆ, ನಲವತ್ನಾಲ್ಕು ಮತ್ತು ಹದಿನೆಂಟು. ಮೂವತ್ತು ವರ್ಷದಿಂದ ತನ್ನ ಚೀಟಿಯನ್ನು ತಾನೇ ಬರೆದು ತಾನೇ ಓದಿಕೊಂಡವನು. ಬೇರೆಯವರು ಓದಬೇಕಾಗುತ್ತದೆ ಎಂದು ಅವನಿಗೆ ಹೊಳೆಯಲಿಲ್ಲ.

ಶುಕ್ರವಾರ ಬಡಗಿ ಬಂದಾಗ ಮನೆಯಲ್ಲಿದ್ದದ್ದು ನಾನೊಬ್ಬಳೇ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಆಸಾಮಿ ಅವನು. ಮೇಜಿನ ಮೇಲಿದ್ದ ಚೀಟಿ ನೋಡಿದ, ಕಿವಿಯಿಂದ ಪೆನ್ಸಿಲ್ ತೆಗೆದ, ಕಿಟಕಿಯ ತುದಿಯಿಂದ ಪಟ್ಟಿ ಎಳೆದು ಗುರುತು ಹಾಕಿದ. ಗುರುತು ಬಿದ್ದದ್ದು ಮೂರನೇ ಬಾಗಿಲಿನ ನಡುಮಧ್ಯೆ.

"ಅಗಲ ನಲವತ್ನಾಲ್ಕು ಅಲ್ವಾ ಅಮ್ಮಾ?"

ನನಗೆ ಗೊತ್ತಿತ್ತು. ಟೇಪು ಪಟ್ಟಿ ಸುತ್ತುವಾಗ ಯಂತ್ರ ಅಲುಗದ ಹಾಗೆ ಹಿಡಿದುಕೊಂಡವಳೇ ನಾನು. ಅದು ಅಗಲವಲ್ಲ, ಸುತ್ತು. ಅಗಲ ಹದಿನಾಲ್ಕಿದ್ದರೆ ಹೆಚ್ಚು. ಹೇಳಲು ಬಾಯಿ ತೆರೆದೆ ಕೂಡ. ಆಗ ಆ ಗೋಡೆ ಕಣ್ಣಿಗೆ ಬಿತ್ತು. ಅಷ್ಟಗಲ ಬಯಲಾದರೆ ಯಂತ್ರದ ಪಕ್ಕ ಅರವತ್ತು ಬನ್ನಿನ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಬಹುದು, ತಲೆ ತಾಗದೆ ಬಗ್ಗಿ ಹಿಟ್ಟು ಉಂಡೆ ಕಟ್ಟಬಹುದು. ಬೇಕರಿಯಲ್ಲಿ ಎರಡು ತೋಳು ಚಾಚುವಷ್ಟು ಉದ್ದದ ಮೇಜು ನನ್ನದಾಗಿತ್ತು. ಅದು ಇಲ್ಲಿ ಮತ್ತೆ ಸಿಗುತ್ತದೆ ಎಂದು ಆಸೆಯಾಯಿತು. ಆಸೆ ಎಂದರೆ ಹೊಟ್ಟೆಯಲ್ಲಿ ಹಸಿವಾದ ಹಾಗೆ ಆಸೆ.

"ಚೀಟೀಲಿ ಏನಿದೆಯೋ ಅದೇ" ಎಂದೆ.

ಗರಗಸ ಶುರುವಾಯಿತು. ಅವನು ಕೊಯ್ಯುತ್ತಿದ್ದಂತೆ ನಾನು ಟೋಕನ್ನಿನ ಡಬ್ಬಿಗಳನ್ನು ಎಡಗೈಯಲ್ಲಿ ಒಂದೊಂದಾಗಿ ತಂದು ನನ್ನ ಮಂಚದ ಕೆಳಗೆ ಜೋಡಿಸಿದೆ. ಮುಚ್ಚಳ ಒರೆಸಿ ಜೋಡಿಸಿದೆ, ಅದರಿಂದೇನೋ ಸರಿಹೋಗುತ್ತದೆ ಎನ್ನುವ ಹಾಗೆ.

ಸಂಜೆ ಟೋಕನ್ನು ಬಂದು ಅಡುಗೆಮನೆಯ ಹೊಸ್ತಿಲಲ್ಲೇ ನಿಂತಳು. "ಎರಡೂವರೆ ಬಾಗಿಲು" ಎಂದಳು. ದನಿಯೇ ಹೊರಡಲಿಲ್ಲ, ತುಟಿ ಆಡಿದ್ದನ್ನು ನೋಡಿ ತಿಳಿದುಕೊಂಡೆ. ಟೇಪು ಬಂದವನೇ ಬಡಗಿಗೆ ಫೋನ್ ಹಚ್ಚಿದ.

"ಅದು ಸುತ್ತಳತೆ ಕಣ್ರೀ!"

"ಗೋಡೆಗೆಲ್ಲಿಂದ ಬರ್ಬೇಕು ಸಾರ್ ಸುತ್ತಳತೆ?" ಬಡಗಿಯ ದನಿ ಫೋನಿನಿಂದ ನಮಗೆಲ್ಲ ಕೇಳಿಸಿತು.

"ಈಗ ಮೊದಲಿನ ಹಾಗೆ ಮಾಡೋಕಾಗಲ್ವಾ?"

"ಬಟ್ಟೆ ಆಗಿದ್ರೆ ನೀವು ಬಿಚ್ಚಿ ಹೊಲೀತಿದ್ರಿ. ಮರಾನ ಬಿಚ್ಚಬಹುದು ಸಾರ್, ಹೊಲಿಯೋಕಾಗಲ್ಲ."

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗಬೇಕಾದ ಮಾತು. "ನಂದೇ ತಪ್ಪು, ಬರೆದವನು ನಾನೇ" ಎಂದು ಟೇಪು ಹೆಂಡತಿಯ ಹಿಂದೆ ಹಿಂದೆ ತಿರುಗಿದ. ಬಡಗಿ ನನ್ನನ್ನು ಕೇಳಿದ್ದ ಎಂದು ನಾನು ಹೇಳಲಿಲ್ಲ. ಈರುಳ್ಳಿ ಹೆಚ್ಚುತ್ತಿದ್ದೆ, ಕಣ್ಣಿಗೊಂದು ನೆಪ ಸಿಕ್ಕಿತ್ತು. ಆ ಸಂಜೆ ಟೋಕನ್ನು ತನ್ನ ಹತ್ತು ನಿಮಿಷವನ್ನು ಹೊರಗೆ ಮೆಟ್ಟಿಲಿನ ಮೇಲೆ ನಿಂತು ಕಳೆದಳು, ಹೋಗಿ ಬರುವವರಿಗೆ ದಾರಿ ಬಿಡುತ್ತ.

ಭಾನುವಾರ ಮಧ್ಯಾಹ್ನ ಪರೀಕ್ಷೆಗೆಂದು ಒಂದು ಕಿಲೋ ಹಿಟ್ಟು ಹಾಕಿದೆ. ಟೇಪು ಬಾಕಿ ಕೆಲಸವಿದೆ ಎಂದು ಅಂಗಡಿಗೆ ಹೋಗಿದ್ದ. ನಿಜ ಹೇಳಬೇಕೆಂದರೆ ಮನೆಯಲ್ಲಿರಲು ಅವನಿಗೆ ಮುಖವಿರಲಿಲ್ಲ. ಟೋಕನ್ನು ಒಳಗೆ ಬಟ್ಟೆ ಮಡಿಸುತ್ತಿದ್ದಳು. ಹಿಟ್ಟು ಗಟ್ಟಿಯಾಗುತ್ತಿದ್ದಂತೆ ಯಂತ್ರ ಕುಣಿಯತೊಡಗಿತು. ಬೇಕರಿಯಲ್ಲಿ ಅದನ್ನು ಮೇಜಿಗೆ ಬೋಲ್ಟ್ ಹಾಕಿ ಬಿಗಿದಿದ್ದರು, ಇಲ್ಲಿ ಕಲ್ಲಿನ ಕಟ್ಟೆ, ನುಣುಪು, ಬೋಲ್ಟಿಗೆ ತೂತು ಕೊರೆಯಲಾಗದು. ಇಂಚಿಂಚಾಗಿ ಅಂಚಿಗೆ ನಡೆದು ಬಂತು. ಅಡ್ಡ ಕೈ ಕೊಟ್ಟೆ. ಮಣಿಕಟ್ಟಿನಿಂದ ಮೊಣಕೈವರೆಗೆ ಬೆಂಕಿ ಹರಿದ ಹಾಗಾಗಿ ಕೂಗಿಕೊಂಡೆ.

ಟೋಕನ್ನು ಓಡಿ ಬಂದಳು. ನನ್ನನ್ನು ಪಕ್ಕಕ್ಕೆ ಸರಿಸಿ, ಎರಡೂ ಅಂಗೈ ಯಂತ್ರದ ತಲೆಯ ಮೇಲಿಟ್ಟು ಮೈಭಾರ ಹಾಕಿ ನಿಂತಳು. ಕುಣಿತ ನಿಂತಿತು.

"ನಿಲ್ಲಿಸ್ಲಾ?" ಎಂದೆ.

"ಹಿಟ್ಟು ಆಯ್ತಾ?"

"ಇನ್ನೂ ಆರು ನಿಮಿಷ."

"ಇರ್ಲಿ ಹಾಗಾದ್ರೆ."

ಗಡಿಯಾರ ನೋಡುತ್ತ ಇಬ್ಬರೂ ನಿಂತೆವು. ಯಂತ್ರದ ಅದುರಾಟಕ್ಕೆ ಅವಳ ಬಳೆಗಳು ಸದ್ದು ಮಾಡುತ್ತಿದ್ದವು. ವಾರದಲ್ಲಿ ಅವಳಿಗೆ ಸಿಗುವುದು ಒಂದು ಭಾನುವಾರ.

"ಅತ್ತಿಗೆ, ಶುಕ್ರವಾರ ನೀವು ಮನೇಲೇ ಇದ್ರಿ ಅಲ್ವಾ?"

"ಇದ್ದೆ."

"ಆ ಬಡಗಿ ನಿಮ್ಮನ್ನ ಏನೂ ಕೇಳ್ಲಿಲ್ವಾ?"

ಯಂತ್ರದ ಗದ್ದಲದಲ್ಲಿ ಕೇಳಿಸಲಿಲ್ಲ ಎನ್ನಬಹುದಿತ್ತು. "ಕೇಳ್ದ" ಎಂದೆ.

ಅವಳು ಕೈ ತೆಗೆಯಲಿಲ್ಲ. ತೆಗೆದಿದ್ದರೆ ಅದು ನೆಲಕ್ಕೆ ಬಿದ್ದು ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಅವಳನ್ನು ಯಾರೂ ದೂರುವಂತೆಯೂ ಇರಲಿಲ್ಲ. ಗಡಿಯಾರದ ಕಡೆ ನೋಡುತ್ತಲೇ ಹೇಳಿದಳು: "ಎರಡು ದಿನದಿಂದ ಅವ್ರು ಸರಿಯಾಗಿ ಊಟ ಮಾಡಿಲ್ಲ. ನಂಗೆ ಹೇಳ್ದೆ ಇದ್ರೆ ಹೋಗ್ಲಿ. ನಿಮ್ಮ ತಮ್ಮಂಗಾದ್ರೂ ಹೇಳ್ಬಹುದಿತ್ತು."

ನನಗೆ ತುಂಬ ನಾಚಿಕೆಯಾಯಿತು. "ಇವತ್ತು ಹೇಳ್ತೀನಿ" ಎಂದೆ. "ನಂಗೆ ಜಾಗ ಬೇಕಿತ್ತಮ್ಮ. ಅದು ನಿಂದು ಅಂತ ಗೊತ್ತಿದ್ದೇ ತಗೊಂಡೆ."

"ಅರವತ್ತು ಬನ್ನಿಗೆ ಇದನ್ನ ಎಷ್ಟು ಸಲ ಹಾಕ್ಬೇಕು?" ಎಂದು ಕೇಳಿದಳು.

"ಮೂರು ಸಲ."

"ಮೂರು ಸಲಾನೂ ಒಬ್ರು ಹಿಡ್ಕೊಂಡು ನಿಲ್ಬೇಕು. ನಿಮ್ಮ ಕೈಲಿ ಆಗಲ್ಲ."

ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು, ಟೇಪನ್ನು ಬೆಳಗಿನ ಜಾವ ಎಬ್ಬಿಸಲು ಯಾರಿಂದಲೂ ಆಗದೆಂಬುದೂ ಗೊತ್ತಿತ್ತು. ಅವಳು ಎಂಟಕ್ಕೆ ಆಸ್ಪತ್ರೆಯಲ್ಲಿರಬೇಕು, ಅದಕ್ಕೆ ಮೊದಲು ತಿಂಡಿ, ಡಬ್ಬಿ, ನೀರು. ಸಮಯವಾಯಿತೆಂದು ನಾನು ಸ್ವಿಚ್ಚು ಆರಿಸಿದೆ. ಅವಳ ಅಂಗೈಗಳು ಕೆಂಪಾಗಿದ್ದವು. ಸೆರಗಿಗೆ ಉಜ್ಜಿಕೊಳ್ಳುತ್ತ ಕೇಳಿದಳು: "ಹಾಗಾದ್ರೆ ನಾನು ಎಷ್ಟು ಗಂಟೆಗೆ ಏಳ್ಬೇಕು?"

ಮೂರು ಗಂಟೆಗೆ ಶುರು ಮಾಡಿದರೆ ಮಾತ್ರ ಹಿಟ್ಟು ಉಬ್ಬಿ, ಬೆಂದು, ಆರಕ್ಕೆ ಕೆಳಗೆ ಮುಟ್ಟುತ್ತದೆ. ಮೊದಲೆರಡು ಸಲ ನಾನೇ ಹೇಗಾದರೂ ಅದಕ್ಕೆ ಎದೆ ಕೊಟ್ಟು ನಿಲ್ಲೋಣ ಎಂದುಕೊಂಡೆ.

"ನಾಲ್ಕೂವರೆಗೆ ಎದ್ರೆ ಸಾಕು" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಸುಳ್ಳು ಹೇಳೋಕೆ ನಿಮಗೆ ಬರಲ್ಲ ಅತ್ತಿಗೆ" ಎಂದಳು. "ಸುಮ್ನಿರೋಕೆ ಚೆನ್ನಾಗಿ ಬರುತ್ತೆ."

ಆಮೇಲೆ ಆರರಿಂದ ಹಿಂದಕ್ಕೆ ಬೆರಳು ಮಡಚಿ ಎಣಿಸಿ, ಫೋನ್ ತೆಗೆದುಕೊಂಡು ಮೂರು ಗಂಟೆಗೆ ಅಲಾರಂ ಇಟ್ಟಳು.