ರೈಲಿನ ಸದ್ದು ಕೇಳದ ಊರು

ನಾನು ಹೊಸ ಊರು ಹುಡುಕಲು ಹೊರಟಾಗ ನನ್ನ ತಮ್ಮ ಲೋಕನಾಥ ಬಿದ್ದು ಬಿದ್ದು ನಕ್ಕ. ಮಂಜೇಶ್ವರದಲ್ಲಿ ರಿಕ್ಷಾ ಓಡಿಸುವವನು ಅವನು. ಊರು ತೋರಿಸುವ ಕೆಲಸ ಅವನ ತಲೆಗೇ ಬಿದ್ದಿತ್ತು.

"ಅಲ್ಲ ಅಕ್ಕ, ಜನ ಮನೆ ನೋಡುವಾಗ ಆಸ್ಪತ್ರೆ ಹತ್ರ ಉಂಟಾ, ಬಾವಿಯಲ್ಲಿ ನೀರು ಉಂಟಾ ಅಂತ ಕೇಳ್ತಾರೆ. ನೀನು ಎಂತ, ರೈಲಿನ ಸದ್ದು ಕೇಳ್ತದಾ ಅಂತ ಕೇಳುವುದು?"

"ನಗು, ನಗು. ನಾಳೆ ನಿನ್ನ ಭಾವ ಹಳಿಯ ಮೇಲೆ ಎರಡು ತುಂಡಾದರೆ ಆಗಲೂ ನಗು" ಎಂದೆ. ನನ್ನ ಮಾತು ಮೊದಲಿಂದಲೂ ಹೀಗೆಯೇ. ಹುಟ್ಟುಗುಣ ಸುಟ್ಟರೂ ಹೋಗದು.

ನನ್ನ ಗಂಡ ಮಹಾಬಲ ಮೂವತ್ತು ವರ್ಷ ರೈಲ್ವೆ ಗೇಟು ಕಾದವರು. ಸ್ಟೇಷನ್ನಿನಿಂದ ಫೋನು ಬಂದರೆ ಗೇಟು ಹಾಕಬೇಕು, ಕಡೇ ಡಬ್ಬಿ ದಾಟಿದ್ದನ್ನು ಕಣ್ಣಾರೆ ನೋಡಿ ತೆಗೆಯಬೇಕು. ಅವರು ಕಾದ ಗೇಟಿನಲ್ಲಿ ಒಂದು ನಾಯಿ ಕೂಡ ಸತ್ತಿಲ್ಲ. ಅವರು ನಿವೃತ್ತರಾದ ಮೇಲೆ ಆ ಗೇಟನ್ನೇ ಮುಚ್ಚಿ, ಹಳಿಯ ಅಡಿಯಿಂದ ರಸ್ತೆ ಮಾಡಿದರು. ಅದಾಗಿ ಎರಡು ವರ್ಷಕ್ಕೆ ಇವರಿಗೆ ಮರೆವು ಶುರುವಾಯಿತು. ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು, ಗುಣವಾಗುವ ದಾರಿ ಹೇಳಲಿಲ್ಲ. ನಮಗೆ ಮಕ್ಕಳಿಲ್ಲ. ಇದ್ದದ್ದು ನಾನೊಬ್ಬಳೇ.

ಇವರು ಏನನ್ನು ಮರೆತರೂ ಗೇಟನ್ನು ಮಾತ್ರ ಮರೆಯಲಿಲ್ಲ. ಹಾರ್ನ್ ಕೇಳಿದ ಕೂಡಲೇ "ಗೇಟು ತೆರೆದೇ ಉಂಟು, ಜನ ಸಾಯ್ತಾರೆ!" ಎಂದು ಹಳಿಯ ಕಡೆ ಓಡುವುದು. ಮನೆಯಿಂದ ಹಳಿಗೆ ಅರವತ್ತು ಹೆಜ್ಜೆ. ಬಾಗಿಲಿಗೆ ಬೀಗ ಹಾಕಿ ನೋಡಿದೆ. ಕಿಟಕಿಯ ಸರಳಿಗೆ ಹಣೆ ಚಚ್ಚಿಕೊಂಡು ರಕ್ತ ಬರಿಸಿಕೊಂಡರು. ಮೂರನೇ ಸಲ ಓಡಿದಾಗ ಹಳಿ ರಿಪೇರಿಯವನೊಬ್ಬ ಅವರನ್ನು ಎಳೆದು ಈಚೆ ಹಾಕಿದ. ಇಂಜಿನಿಗೂ ಇವರಿಗೂ ಒಂದು ಮಾರು ಅಂತರ ಇರಲಿಲ್ಲವಂತೆ. ಅವತ್ತೇ ನಿಶ್ಚಯಿಸಿದೆ, ಈ ಮನೆ ಸಾಕು ಎಂದು.

ಊರು ಹುಡುಕುವುದು ಸುಲಭವಾಗಲಿಲ್ಲ. ಉಪ್ಪಳ, ಕುಂಬಳೆ, ಕಡಲ ಬದಿಯ ಊರೆಲ್ಲ ರೈಲಿನ ಬಾಲ ಹಿಡಿದುಕೊಂಡೇ ಕುಳಿತಿವೆ. ಮಧೂರು ನನ್ನ ಮನಸ್ಸಿಗೆ ಬಹಳ ಹಿಡಿಸಿತು. ಹೊಳೆಯಿಂದ ಸ್ವಲ್ಪ ಮೇಲೆ ಎರಡು ಕೋಣೆಯ ಮನೆ, ನಡೆದು ಹೋದರೆ ದೇವಸ್ಥಾನ, ಕೈ ತೋರಿಸಿದರೆ ಬಸ್ಸು. ನನಗೆ ಬದುಕಲು ಬೇಕಾದದ್ದು ಎರಡೇ: ಕಟ್ಟಲು ಬೀಡಿ, ಮಾತಾಡಲು ಜನ. ಪಕ್ಕದ ಮನೆಯ ವಿಜೇತಾ ಬೆಲ್ಲ ನೀರು ತಂದುಕೊಟ್ಟು, "ಬನ್ನಿ ಅಕ್ಕ, ನನಗೂ ಮಾತಿಗೆ ಒಂದು ಜನ ಆಯ್ತು" ಎಂದಳು. ಅಷ್ಟರಲ್ಲಿ ಜಗಲಿಯಲ್ಲಿ ಕುಳಿತಿದ್ದ ಇವರು ದಡಕ್ಕನೆ ಎದ್ದು ನಿಂತರು.

"ಗಾಡಿ ಬಂತು."

ನಾನು, ವಿಜೇತಾ, ಲೋಕನಾಥ ಮೂವರೂ ಕಿವಿಗೊಟ್ಟೆವು. ಏನೂ ಇಲ್ಲ. ನಾನು ಬೈಯಲು ಬಾಯಿ ತೆರೆಯುವಾಗ ಪಡುವಣ ಗಾಳಿ ಬೀಸಿತು, ಅದರ ಜೊತೆ ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸಣ್ಣಗೆ ಕಾಸರಗೋಡಿನ ಕಡೆಯಿಂದ ಹಾರ್ನ್ ಕೇಳಿತು. ಇವರು ಆಗಲೇ ಮೆಟ್ಟಿಲು ಇಳಿದಾಗಿತ್ತು. ನಾನು ಬೆಲ್ಲ ನೀರನ್ನು ಪೂರ್ತಿ ಕುಡಿಯದೆ ಎದ್ದು ಬಂದೆ.

ಕೊನೆಗೆ ಸಿಕ್ಕಿದ್ದು ಎಣ್ಮಕಜೆ.

"ಅಲ್ಲಿಗಾ ಮಾರಾಯ್ತಿ?" ಎಂದ ಲೋಕನಾಥ. "ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ವಿಷದ ಮದ್ದು ಬಿಡುವಾಗ ಜನ ಅಲ್ಲಿಂದ ಓಡಿ ಬರ್ತಿದ್ರು. ನೀನು ಈಗ ಓಡಿ ಹೋಗ್ತೀಯಾ?"

ಮನೆಯ ಹಿಂದೆ ಗೇರು ತೋಟ, ಮುಂದೆ ಗುಡ್ಡ. ಬಸ್ಸು ದಿನಕ್ಕೆ ಮೂರು. ಕಟ್ಟಿದ ಬೀಡಿ ಕೊಡಲು ಹತ್ತಿರದಲ್ಲಿ ಬೀಡಿ ಕಂಪೆನಿಯ ಬ್ರಾಂಚು ಇಲ್ಲ. ಮನೆಯ ಯಜಮಾನಿ ಜೋಸ್ಫಿನ್ ಬಾಯಮ್ಮ ಒಂಟಿ, ಮಾತು ಕಡಿಮೆ. ನಾನು ಬೆಳಗಿನಿಂದ ಸಂಜೆಯವರೆಗೆ ಆ ಜಗಲಿಯಲ್ಲಿ ಕುಳಿತು ಕೇಳಿದೆ. ಹಕ್ಕಿ ಬಿಟ್ಟರೆ ಬೇರೆ ಸದ್ದಿಲ್ಲ. ನನಗೆ ಒಗ್ಗುವ ಊರೇ ಅಲ್ಲ. ಆದರೂ ಮರುವಾರವೇ ಸಾಮಾನು ಸಾಗಿಸಿದೆ.

ಹತ್ತು ದಿನ ಹೊಟ್ಟೆ ತುಂಬ ಉಂಡೆ. ಬಾಗಿಲು ತೆರೆದಿಟ್ಟು ಉಂಡೆ! ನೋಡು, ಹೇಗೆ ಉಳಿಸಿಕೊಂಡೆ ಎಂದು ಒಳಗೊಳಗೇ ಬೀಗಿದೆ. ಹನ್ನೊಂದನೆಯ ದಿನವೋ ಏನೋ ಇವರು ಕೇಳಿದರು, "ಎಂತ, ಇವತ್ತೂ ಗಾಡಿ ಇಲ್ವಾ?"

ಮಂಜೇಶ್ವರದಲ್ಲಿ ಇವರ ದಿನವನ್ನು ಹಿಡಿದು ನಿಲ್ಲಿಸಿದ್ದೇ ರೈಲು ಎಂದು ನನಗೆ ಹೊಳೆದದ್ದು ಆಮೇಲೆ. ಬೆಳಗಿನ ಗಾಡಿ ಹೋದ ಮೇಲೆ ಗಂಜಿ, ಮಧ್ಯಾಹ್ನದ ಗಾಡಿ ಹೋದ ಮೇಲೆ ಊಟ. ಅವರ ಲೆಕ್ಕದಲ್ಲಿ, ಗಂಜಿಯ ಪಾತ್ರೆ ಹಿಡಿದು ಗೇಟಿಗೆ ಬರುವವಳು ಹೆಂಡತಿ. ಇಲ್ಲಿ ಗಾಡಿಯೇ ಇಲ್ಲದೆ ಹೊತ್ತು ಎಲ್ಲಿಂದ ತಿಳಿಯಬೇಕು? ಮಧ್ಯಾಹ್ನ ಬಟ್ಟಲು ಇಟ್ಟರೆ ಮುಟ್ಟದೆ ದಾರಿ ನೋಡುವರು. ಒಂದು ದಿನ ಅನ್ನ ಬಡಿಸಲು ಹೋದಾಗ ಮರ್ಯಾದೆಯಿಂದ ಎದ್ದು ನಿಂತರು.

"ಬೇಡಮ್ಮ, ನಿಮಗೆ ಯಾಕೆ ತೊಂದ್ರೆ? ನನ್ನ ಹೆಂಡತಿ ಊಟ ತರ್ತಾಳೆ."

"ಎಂತ ತಮಾಷೆ ಇದು? ನಾನು ಯಾರು ಹಾಗಾದ್ರೆ? ದಾರಿಯಲ್ಲಿ ಹೋಗುವವಳಾ?" ಎಂದು ಕಿರುಚಿದೆ.

ಹೆದರಿ ಕೈ ಮುಗಿದರು. "ತಪ್ಪಾಯ್ತಮ್ಮ. ಕಣ್ಣು ಸರಿ ಕಾಣುವುದಿಲ್ಲ, ಗುರುತು ಸಿಕ್ಕಲಿಲ್ಲ."

ಮೂವತ್ತೈದು ವರ್ಷ ನನ್ನ ಬೈಗಳಿಗೆ ನಕ್ಕ ಮನುಷ್ಯ ನನಗೆ ಕೈ ಮುಗಿದರು. ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಜೋಸ್ಫಿನ್ ಬಾಯಮ್ಮ ಬಂದು ಹತ್ತಿರ ಕುಳಿತರು.

"ನನ್ನ ತಮ್ಮ ಗ್ಲ್ಯಾಡ್‌ಸನ್ ಆ ಹೆಲಿಕಾಪ್ಟರಿನ ಮದ್ದಿನಿಂದಾಗಿ ಹುಟ್ಟಿದಂದಿನಿಂದ ಇಪ್ಪತ್ತೇಳು ವರ್ಷ ಮಲಗಿದಲ್ಲೇ ಇದ್ದ" ಎಂದರು. "ಒಂದು ದಿನ ಕೂಡ ನನ್ನ ಹೆಸರು ಹೇಳಲಿಲ್ಲ. ಆದ್ರೂ ನೋಡಿಕೊಂಡೆ."

"ಹೆಸರು ಕರೆಸಿಕೊಳ್ಳುವ ಭಾಗ್ಯ ನಿಮಗೆ ಸಿಕ್ಕಿಯೇ ಇರಲಿಲ್ಲ ಬಾಯಮ್ಮ. ನನಗೆ ಸಿಕ್ಕಿದ್ದು ಕಳೆದುಹೋಯಿತು" ಎಂದುಬಿಟ್ಟೆ. ಎಂಥ ನಾಲಗೆ ನನ್ನದು! ಅವರು ಬೇಜಾರು ಮಾಡಿಕೊಳ್ಳದೆ ನನ್ನ ಬೆನ್ನು ಸವರಿದರು.

ಒಂದು ತಿಂಗಳು ಹಾಗೆಯೇ ಕಳೆಯಿತು. ನನಗೆ ತಡೆಯಲಾಗಲಿಲ್ಲ. ಲೋಕನಾಥನನ್ನು ಕರೆಸಿ, ಒಂದು ಸಲ ಮಂಜೇಶ್ವರ ಸ್ಟೇಷನ್ನಿಗೆ ಕರೆದುಕೊಂಡು ಹೋಗು ಎಂದೆ. ರೈಲು ಕಂಡರೆ ನನ್ನ ಗುರುತು ಬರುತ್ತದೋ ಇಲ್ಲವೋ ನೋಡಬೇಕಿತ್ತು. ಬಂದರೆ, ಹಳಿಯ ಬದಿಗೇ ವಾಪಸು ಬಂದುಬಿಡುವ ಆಸೆಯೂ ಇತ್ತು. ಸುಳ್ಳು ಯಾಕೆ ಹೇಳಲಿ?

ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಅವರನ್ನು ನಡುವೆ ಕೂರಿಸಿಕೊಂಡು ಇಬ್ಬರೂ ಎರಡು ತೋಳು ಹಿಡಿದೆವು. ಹಾರ್ನ್ ಆಯಿತು. ಅಬ್ಬ, ಮುದುಕನ ಮೈಯಲ್ಲಿ ಅದೆಲ್ಲಿತ್ತೋ ಆ ಬಲ! ರೈಲು ನಿಲ್ಲದೆ ನಮ್ಮ ಮುಂದೆ ಹಾರಿಹೋಯಿತು. ಕಡೇ ಡಬ್ಬಿ ಮರೆಯಾಗುವವರೆಗೆ ನೋಡಿ ಉಸಿರು ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಸುಂದರೀ, ನೀನು ಎಂತ ಇಷ್ಟು ಬಡಕಲಾದದ್ದು? ಸರಿ ಉಣ್ಣುವುದಿಲ್ವಾ?"

ನನ್ನ ಹೆಸರು. ಒಂದು ತಿಂಗಳ ಮೇಲೆ ನನ್ನ ಹೆಸರು. ಅವರು ನನ್ನ ಕೆನ್ನೆ ಒರೆಸಿ, "ಯಾಕೆ ಅಳುವುದು ಮಾರಾಯ್ತಿ, ಯಾರು ಎಂತ ಹೇಳಿದ್ರು?" ಎಂದರು. ಲೋಕನಾಥ ಮುಖ ತಿರುಗಿಸಿಕೊಂಡ. ಚೀಲದಿಂದ ಊಟದ ಡಬ್ಬಿ ತೆಗೆದೆ. ಮುಚ್ಚಳ ತೆರೆಯಲು ಎರಡು ಕೈ ಬೇಕಲ್ಲ, ಅವರ ತೋಳು ಬಿಟ್ಟೆ.

ಆ ಕಡೆಯಿಂದ ಇನ್ನೊಂದು ಹಾರ್ನ್ ಆಯಿತು. ಲೋಕನಾಥನ ಕೈ ಕೊಡವಿ ಎದ್ದವರು ಪ್ಲಾಟ್‌ಫಾರ್ಮಿನ ಅಂಚಿಗೆ ಹೋಗಿಯೇ ಬಿಟ್ಟಿದ್ದರು. ಲೋಕನಾಥ ಹಿಂದಿನಿಂದ ಅಂಗಿ ಹಿಡಿದು ಎಳೆದ. ಅಂಗಿ ಹರಿಯಿತು, ಇಬ್ಬರೂ ನನ್ನ ಕೈಯಿಂದ ಚೆಲ್ಲಿದ ಅನ್ನದ ಮೇಲೆ ಬಿದ್ದರು. ರೈಲು ಹೋಯಿತು.

ಭಾವನ ಮೈಗಂಟಿದ ಅನ್ನ ಕೊಡವುತ್ತಾ ಲೋಕನಾಥ ಕೇಳಿದ, "ಎಂತ ಮಾಡುವ ಅಕ್ಕ? ಇಲ್ಲೇ ಬರ್ತೀಯಾ? ಭಾವನಿಗೆ ಗುರುತು ಉಂಟಲ್ಲ ಇಲ್ಲಿ."

ನಾನು ಇವರ ಮುಖ ನೋಡಿದೆ. ಇವರೂ ನೋಡಿ ನಕ್ಕರು, ನನ್ನ ಗಂಡನ ನಗು. ಮನಸ್ಸು ಗಟ್ಟಿ ಮಾಡಿದೆ.

"ರಿಕ್ಷಾ ಎಣ್ಮಕಜೆಗೆ ತಿರುಗಿಸು" ಎಂದೆ.

ಅರ್ಧ ದಾರಿಯವರೆಗೆ ನನ್ನ ಕೈ ಹಿಡಿದೇ ಕುಳಿತಿದ್ದರು. ನಾನು ಬೆರಳು ಕೂಡ ಅಲುಗಿಸಲಿಲ್ಲ. ಗುಡ್ಡ ಹತ್ತುವಾಗ ಮೆಲ್ಲಗೆ ಕೈ ಬಿಟ್ಟರು. ಪರ ಹೆಂಗಸಿಗೆ ಮೈ ತಾಗಬಾರದೆಂದು ಸರಿದು ಕುಳಿತರು.

ಜಗಲಿಯಲ್ಲಿ ಇನ್ನೂ ಬಿಸಿಲಿತ್ತು. ನೀರು ಕೊಟ್ಟೆ, ಎರಡೂ ಕೈಯಲ್ಲಿ ತೆಗೆದುಕೊಂಡರು.

"ನಿಮಗೆ ಯಾವೂರಮ್ಮ?"

"ಮಂಜೇಶ್ವರ."

"ಹೌದಾ? ನನ್ನ ಹೆಂಡತಿ ಅಲ್ಲೇ ಇರುವುದು. ಸುಂದರಿ ಅಂತ. ಬಾಯಿ ಸ್ವಲ್ಪ ಜೋರು, ಆದ್ರೆ ಒಳ್ಳೆಯವಳು. ಆ ಕಡೆ ಹೋದ್ರೆ ಒಂದು ಮಾತು ಹೇಳ್ತೀರಾ? ಗಾಡಿ ತಡ ಉಂಟು, ನನಗೆ ಕಾಯದೆ ಉಂಡು ಮಲಗು ಅಂತ."

"ಹೇಳ್ತೇನೆ" ಎಂದೆ.