ಪೆನ್ಸಿಲಿನಲ್ಲಿ ಬರೆದ ತೃಪ್ತಿ

ನಾನು ಕೆಲಸ ಮಾಡುವುದು ಆಸ್ಪತ್ರೆಯ ಲಾಂಡ್ರಿಯಲ್ಲಿ. ವಾರ್ಡುಗಳಿಂದ ಮೂಟೆಯಲ್ಲಿ ಬರುವ ಕೊಳೆ ಬಟ್ಟೆಯನ್ನು ಮೆಷಿನ್ನಿಗೆ ಹಾಕುವ ಮೊದಲು ಬಿಡಿಸಿ ಬೇರೆ ಮಾಡುವುದು ನಮ್ಮ ಪಾಲಿನ ಕೆಲಸ. ಹೊದಿಕೆ ಒಂದು ಕಡೆ, ರಕ್ತ ಹತ್ತಿದ್ದು ಇನ್ನೊಂದು ಕಡೆ. ಮೂಟೆಯೊಳಗೆ ಕತ್ತರಿ, ಕನ್ನಡಕ, ಹಲ್ಲಿನ ಸೆಟ್ಟು, ಏನು ಬೇಕಾದರೂ ಸಿಗುತ್ತದೆ. ಹಲ್ಲಿನ ಸೆಟ್ಟು ಸಿಕ್ಕ ದಿನ ನಗುವೋ ನಗು. ಸೂಜಿ ಸಿಕ್ಕ ದಿನ ಯಾರೂ ನಗುವುದಿಲ್ಲ.

ಹೋದ ತಿಂಗಳು ಸೂಜಿ ಚುಚ್ಚಿದ್ದು ನನ್ನ ಜೊತೆಗೇ ಇಲ್ಲಿ ಕೆಲಸ ಮಾಡುವ ನನ್ನ ನಾದಿನಿಯ ಬೆರಳಿಗೆ. ಯಾವ ರೋಗಿಯದೋ ಏನೋ. ಮೊದಲ ರಕ್ತಪರೀಕ್ಷೆ ಸರಿ ಬಂತು, ಮೂರು ತಿಂಗಳಿಗೆ ಇನ್ನೊಂದು ಆಗಬೇಕಂತೆ. ಅಲ್ಲಿಯವರೆಗೆ ಅವಳು ಮನೆಯಲ್ಲಿ ತನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡಿದ್ದಾಳೆ, ಮಗುವಿಗೆ ಮುತ್ತು ಕೊಡುವುದನ್ನೂ ಬಿಟ್ಟಿದ್ದಾಳೆ. ಹಾಗೆಲ್ಲ ಹರಡುವುದಿಲ್ಲ ಎಂದು ಡಾಕ್ಟರೇ ಹೇಳಿದರೂ ಕೇಳುವುದಿಲ್ಲ. ನಮಗೆ ಕೊಡುವ ಗ್ಲೌಸು ಈರುಳ್ಳಿ ಸಿಪ್ಪೆಯಷ್ಟು ತೆಳು. ದಪ್ಪನೆಯದು ಕೊಡಿ ಎಂದು ಮೂರು ಸಲ ಅರ್ಜಿ ಕೊಟ್ಟೆ. "ನೋಡೋಣ" ಎಂದರು. ನೋಡುತ್ತಲೇ ಇದ್ದಾರೆ.

ಹೀಗಿರುವಾಗ ಬಂತು ನೌಕರರ ತೃಪ್ತಿ ಸಮೀಕ್ಷೆ. ಹೆಸರು ಬರೆಯಬೇಕಿಲ್ಲ, ಮನಸ್ಸು ಬಿಚ್ಚಿ ಹೇಳಿ ಎಂದು ಹಾಳೆಯ ಮೇಲೆ ಅಚ್ಚಾಗಿತ್ತು. ನಮ್ಮ ಸೂಪರ್‌ವೈಸರ್, ಅವನಿಗೆ ನಾವಿಟ್ಟ ಹೆಸರು ನಗುಮುಖ, ನಮಗೆ ಅಷ್ಟು ಕಷ್ಟವನ್ನೂ ಕೊಡಲಿಲ್ಲ. ಪ್ರತಿ ಪ್ರಶ್ನೆಗೂ 'ತುಂಬಾ ತೃಪ್ತಿ ಇದೆ' ಎಂಬ ಚೌಕದಲ್ಲಿ ತಾನೇ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿ ತಂದಿದ್ದ. ನಾವು ಅದರ ಮೇಲೆ ಪೆನ್ನು ಓಡಿಸಿದರೆ ಸಾಕು. ಪ್ರತಿ ವರ್ಷ ನಡೆಯುವುದೇ ಹೀಗೆ. ಹೋದ ವರ್ಷ ನಾನೂ ಓಡಿಸಿದ್ದೆ, ಆ ನಾಚಿಕೆ ಇನ್ನೂ ಹೋಗಿಲ್ಲ.

ಈ ಸಲ ಏಳನೇ ಪ್ರಶ್ನೆಯ ಹತ್ತಿರ ಕೈ ನಿಂತಿತು. 'ಕೆಲಸದ ಜಾಗದ ಸುರಕ್ಷತೆಯ ಬಗ್ಗೆ ನಿಮಗೆ ತೃಪ್ತಿ ಇದೆಯೇ?' ಅಲ್ಲೂ ಅದೇ ಗುರುತು. ನನಗೆ ಮೈಯೆಲ್ಲ ಉರಿದುಹೋಯಿತು.

"ರಬ್ಬರ್ ಇದ್ಯಾ ಸಾರ್?" ಎಂದೆ.

"ಯಾಕಮ್ಮಾ?" ನಗುಮುಖ ಬಗ್ಗಿ ನೋಡಿದ.

"ಏಳನೇದು ತಪ್ಪಾಗಿದೆ. ಅಳಿಸ್ಬೇಕು."

"ಮೂರು ವರ್ಷದಿಂದ ನಮ್ಮ ವಿಭಾಗಕ್ಕೆ ನೂರಕ್ಕೆ ನೂರು ಬಂದಿದೆ. ನೀವೊಬ್ರು ಕೆಡಿಸ್ಬೇಡಿ." ಆಮೇಲೆ ದನಿ ತಗ್ಗಿಸಿದ. "ತಿಂಗಳ ಕೊನೆಗೆ ನಿಮ್ಮಿಬ್ರ ಕಾಂಟ್ರ್ಯಾಕ್ಟೂ ಮುಗಿಯುತ್ತೆ. ನಾನು ಸಹಿ ಹಾಕಿದ್ರೇನೇ ಮುಂದಕ್ಕೆ. ನೆನಪಿರಲಿ."

ನಾದಿನಿ ನನ್ನ ತೋಳು ಜಗ್ಗಿದಳು. "ಬೇಡ ಅತ್ತಿಗೆ, ಗೀಚಿ ಕೊಟ್ಬಿಡಿ. ಇಬ್ರೂ ಮನೇಲಿ ಕೂತ್ರೆ ಹೊಟ್ಟೆಗೇನು?"

ಅವಳ ಮಾತು ಸುಳ್ಳಲ್ಲ. ನನ್ನ ಗಂಡನ ಸಂಬಳ ಮನೆ ಬಾಡಿಗೆಗೇ ಸರಿಹೋಗುತ್ತದೆ. ಹೆದರಿಕೆ ನನಗೂ ಆಯಿತು, ಆದರೆ ಸಿಟ್ಟು ಅದಕ್ಕಿಂತ ಒಂದು ಕೈ ಮೇಲಿತ್ತು. ಆಗಷ್ಟೇ ವಾರ್ಡಿನಿಂದ ಬಂದ ಮೂಟೆಯೊಂದು ಗೋಡೆಗೆ ಒರಗಿತ್ತು. ದರದರನೆ ಎಳೆದು ತಂದು ಅವನ ಮುಂದೆ ನಿಲ್ಲಿಸಿ ಅದರ ಬಾಯಿ ಬಿಚ್ಚಿದೆ. ನಮ್ಮ ಗ್ಲೌಸು ಒಂದು ಜೊತೆ ಮೇಜಿನ ಮೇಲಿಟ್ಟೆ.

"ಇದನ್ನ ಹಾಕ್ಕೊಂಡು ಮೊಣಕೈವರೆಗೂ ಒಳಗೆ ಕೈ ಬಿಡಿ ಸಾರ್. ತಳದಲ್ಲಿರೋ ಒಂದೇ ಒಂದು ಬಟ್ಟೆ ತೆಗೆದ್ಕೊಡಿ. ಆಮೇಲೆ ಏಳನೇದಕ್ಕೆ ನಾನೇ ಪೆನ್ನು ಓಡಿಸ್ತೀನಿ, ನಿಮ್ಮಾಣೆ."

"ಇದು ನನ್ನ ಕೆಲ್ಸ ಅಲ್ಲ."

"ಕೆಲ್ಸ ಅಲ್ಲ ಸಾರ್, ಸಮೀಕ್ಷೆ."

ಹನ್ನೊಂದು ಹೆಂಗಸರು ಕೈಯಲ್ಲಿದ್ದದ್ದನ್ನು ಬಿಟ್ಟು ನೋಡುತ್ತಿದ್ದರು. ಬೇರೆ ದಾರಿಯಿಲ್ಲದೆ ಅವನು ಗ್ಲೌಸು ಏರಿಸಿಕೊಂಡ. ಮೂಟೆಯ ಬಾಯಿಯ ತನಕ ಕೈ ತಂದು ಅಲ್ಲಿಗೇ ನಿಲ್ಲಿಸಿದ. ಮುಖದ ಮೇಲೆ ಸದಾ ಇರುತ್ತಿದ್ದ ನಗು ಎಲ್ಲಿ ಹೋಯಿತೋ. ಒಂದು ಗಳಿಗೆ ನನಗೆ ಪಾಪ ಅನಿಸಿತು, ಸುಳ್ಳೇಕೆ ಹೇಳಲಿ. ಅವನು ಕೈ ಹಿಂದಕ್ಕೆ ತೆಗೆದುಕೊಂಡು ಗ್ಲೌಸು ಕಳಚಿದ.

ನಾನು 'ಸ್ವಲ್ಪವೂ ಇಲ್ಲ' ಎಂಬ ಚೌಕವನ್ನು ಹಾಳೆ ಹರಿಯುವಷ್ಟು ಒತ್ತಿ ತುಂಬಿದೆ. ಯಾರು ಬರೆದದ್ದೆಂದು ಹುಡುಕುವ ಶ್ರಮ ಯಾರಿಗೂ ಬೇಡವೆಂದು ಕೆಳಗೆ ನನ್ನ ಹೆಸರನ್ನೂ ಬರೆದೆ.

ನಾದಿನಿ ತನ್ನ ಹಾಳೆಗೆ ಆಗಲೇ ಪೆನ್ನು ಓಡಿಸಿ ಮುಗಿಸಿದ್ದಳು. ಅದನ್ನೊಮ್ಮೆ ನೋಡಿದಳು, ನಾಲ್ಕು ಚೂರು ಮಾಡಿದಳು.

"ಸಾರ್, ನನಗೆ ಇನ್ನೊಂದು ಹಾಳೆ ಕೊಡಿ," ಎಂದಳು. "ನೀವು ಏನೂ ಬರೀದೇ ಇರೋದು."