ಎರಡು ರಾತ್ರಿಯ ಉಪ್ಪು

ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಕ್.

ಸೈಮಿ ಕಾಫಿ ಬಗ್ಗಿಸುತ್ತಿದ್ದ ಕೈಯನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಎದುರಿಗೆ ಕುಳಿತಿದ್ದ ಯಾಲ್ಮರಿ ತಲೆಯೆತ್ತುತ್ತಿದ್ದ. ಸುಂಕದ ಕಾವಲುಗಾರ. ಮೂರು ರಾತ್ರಿ ಗಸ್ತಿನಲ್ಲಿ ನೆನೆದು, ದ್ವೀಪದಲ್ಲಿ ಇವಳ ದೀಪವೊಂದೇ ಉರಿಯುತ್ತಿದ್ದುದನ್ನು ಕಂಡು ಬಾಗಿಲು ತಟ್ಟಿದ್ದ. ಹೋದ ವರ್ಷ ಅವಳ ಗಂಡ ತಾವೆತ್ತಿಯನ್ನು ಹಿಡಿದು ಜೈಲಿಗೆ ಕಳಿಸಿದವನೂ ಅವನೇ.

ಅವನು ಸಕ್ಕರೆಯ ತುಂಡನ್ನು ಹಲ್ಲಿನ ನಡುವೆ ಇಟ್ಟುಕೊಂಡು ಕಾಫಿಯನ್ನು ಬಸಿಗೆ ಸುರಿದ.

"ಗಂಡ ಎಲ್ಲಮ್ಮಾ?"

"ಕೋಟ್ಕಾಗೆ ಹೋಗಿದಾರೆ. ಮೀನು ಮಾರೋಕೆ."

"ಎರಡು ದಿನ ಆಯ್ತಲ್ಲ. ಒಂದೊಂದು ಮೀನಿಗೂ ಹಾಡು ಹೇಳಿ ಮಾರ್ತಾನೇನು?"

"ಹಾಡೋಕೆ ಬಂದಿದ್ರೆ ಈ ಹಾಳು ಬಂಡೆ ಮೇಲೆ ಯಾಕೆ ಬಿದ್ದಿರ್ತಿದ್ವಿ."

ಯಾಲ್ಮರಿ ನಕ್ಕ. ನಗು ಅರ್ಧದಲ್ಲೇ ಆಕಳಿಕೆಯಾಯಿತು.

ದೋಣಿಕಟ್ಟೆಯ ಪಕ್ಕದ ನೀರಿನಡಿಯಲ್ಲಿ ಎಸ್ಟೋನಿಯಾದಿಂದ ಕಳ್ಳತನದಲ್ಲಿ ತಂದ ಸ್ಪಿರಿಟ್ಟಿನ ಇಪ್ಪತ್ತು ಡಬ್ಬಿಗಳಿದ್ದವು. ಸರ್ಕಾರ ದೇಶದಲ್ಲೆಲ್ಲ ಮದ್ಯ ನಿಷೇಧಿಸಿ ಒಂಬತ್ತು ವರ್ಷವಾಗಿತ್ತು. ಅಷ್ಟೇ ವರ್ಷಗಳಿಂದ ಈ ಕಡಲಿನವರು ಡಬ್ಬಿಗಳ ಹಗ್ಗಕ್ಕೊಂದು ಬೆಂಡು, ಬೆಂಡಿಗೊಂದು ಉಪ್ಪಿನ ಮೂಟೆ ಕಟ್ಟಿ ಮುಳುಗಿಸುತ್ತಿದ್ದರು. ಉಪ್ಪು ಕರಗಿದ ಮೇಲೆ ಬೆಂಡು ತಾನಾಗಿ ಮೇಲೇಳುತ್ತಿತ್ತು. ಎಷ್ಟು ಉಪ್ಪಿಗೆ ಎಷ್ಟು ರಾತ್ರಿ ಎಂಬ ಲೆಕ್ಕ ಹೆಂಗಸರದು. ತಾವೆತ್ತಿ ಹೇಳಿದ್ದು ಎರಡು ರಾತ್ರಿ. ಆದರೆ ಮಂಗಳವಾರ ಬಲೆ ಹರಿಯುವಷ್ಟು ಹೆರಿಂಗ್ ಬಿದ್ದಿತ್ತು. ಮೀನು ಕೊಳೆಯುವುದನ್ನು ನೋಡಲಾರದೆ ಸೈಮಿ ಮುಳುಗಿಸುವ ಮೊದಲೇ ಮೂಟೆಯಿಂದ ನಾಲ್ಕು ಕಿಲೋ ತೆಗೆದು ಮೀನಿನ ಪೀಪಾಯಿಗೆ ಹಾಕಿದ್ದಳು. ಹೊತ್ತಿಗೆ ಮುಂಚೆಯೇ ಎದ್ದ ಬೆಂಡು ಈಗ ಕಟ್ಟೆಯ ಕಂಬಕ್ಕೆ ಬಡಿಯುತ್ತಿತ್ತು.

ಟಕ್.

"ಏನದು?"

"ದೋಣಿ. ಹಗ್ಗ ಸಡಿಲ ಆಗಿರ್ಬೇಕು."

ಹೇಳಿದ ಮೇಲೆ ಅವಳಿಗೆ ತಪ್ಪು ಹೊಳೆಯಿತು. ಅವರಿಗಿದ್ದದ್ದು ಒಂದೇ ದೋಣಿ. ಅದು ಕೋಟ್ಕಾದಲ್ಲಿತ್ತು. ಯಾಲ್ಮರಿ ತನ್ನ ದೋಣಿಯನ್ನು ದಡದ ಮರಳಿಗೆ ಎಳೆದಿಟ್ಟು, ಆ ಬರಿದಾದ ಕಟ್ಟೆ ದಾಟಿಯೇ ಮನೆಗೆ ಬಂದಿದ್ದ. ತಾವೆತ್ತಿ ಇನ್ನೊಮ್ಮೆ ಸಿಕ್ಕರೆ ಎರಡು ವರ್ಷ ಜೈಲು ಎಂದು ನ್ಯಾಯಾಧೀಶರು ಹೇಳಿದ್ದರು.

ಯಾಲ್ಮರಿ ಅವಳನ್ನೇ ನೋಡಿದ. ಆಮೇಲೆ ಬಸಿಯನ್ನು ನೋಡಿದ.

"ಹೋಗಿ ಕಟ್ಟಿ ಬಾ," ಎಂದ. "ಬಿಗಿಯಾಗಿ ಕಟ್ಟು."

ಕಟ್ಟೆಯ ಮೇಲೆ ಬೋರಲು ಮಲಗಿ, ಕತ್ತಲಲ್ಲಿ ತಡಕಿ, ಬೆಂಡಿಗೆ ಬಲೆಯ ಕಲ್ಲು ಬಿಗಿದಳು. ಅದು ಗುಳಕ್ಕೆಂದು ಇಳಿಯಿತು. ಅಕ್ಟೋಬರ್ ನೀರಿಗೆ ಬೆರಳುಗಳು ಸತ್ತಂತಾಗಿದ್ದವು. ಮರಳಿ ಬಂದಾಗ ಅವನು ಟೋಪಿ ಹಾಕಿಕೊಂಡು ನಿಂತಿದ್ದ.

"ಕಟ್ಟಿದೆಯಾ?"

"ಕಟ್ಟಿದೆ."

"ಹೋದ ಚಳಿಗಾಲ ಅವನು ಜೈಲಲ್ಲಿದ್ದಾಗ ನೀನೊಬ್ಬಳೇ ಹೆಪ್ಪುಗಟ್ಟಿದ ಕಡಲ ಮೇಲೆ ನಿಂತು ಬಲೆ ಎಳೀತಿದ್ದೆ. ನಾನು ದುರ್ಬೀನಿನಲ್ಲಿ ನೋಡ್ತಿದ್ದೆ." ಕೊರಳಪಟ್ಟಿ ಮೇಲಕ್ಕೆತ್ತಿಕೊಂಡ. "ಹಿಡಿದ ಸಾವಿರ ಡಬ್ಬಿ ತೂತು ಮಾಡಿ ಚೆಲ್ಲಿರಬಹುದು ಈ ಕೈಯಲ್ಲಿ. ಊರಲ್ಲಿ ಒಬ್ಬ ಕುಡುಕನೂ ಕಮ್ಮಿ ಆಗ್ಲಿಲ್ಲಮ್ಮ. ಕಾಫಿ ಚೆನ್ನಾಗಿತ್ತು."

ಬೆಳಕು ಹರಿಯುವ ಹೊತ್ತಿಗೆ ತಾವೆತ್ತಿ ಬಂದ. ಉಪ್ಪು ಕಡಿಮೆಯಾದದ್ದನ್ನೂ ಬೆಂಡು ಮುಳುಗಿಸಿದ ಜಾಗವನ್ನೂ ಸೈಮಿ ಹೇಳಿದಳು.

"ಮೀನಿಗೋಸ್ಕರ ನನ್ನ ಕುತ್ತಿಗೆ ಕೊಡ್ತಿದ್ದೆಯಲ್ಲೇ! ಯಾರಾದ್ರೂ ನೋಡಿದ್ರಾ?"

ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಸಂಜೆಯೊಳಗೆ ಹಳೆಯ ಪತ್ರಿಕೆ ಸುತ್ತಿದ ಲಂಚದ ಡಬ್ಬಿಯೊಂದು ಯಾಲ್ಮರಿಯ ಬಾಗಿಲಲ್ಲಿ ಇರುತ್ತಿತ್ತು. 'ಇನ್ಮೇಲೆ ಅವನೂ ನಮ್ಮೋನೇ' ಎಂದು ತಾವೆತ್ತಿ ಜೊತೆಯವರ ಬೆನ್ನು ತಟ್ಟುತ್ತಿದ್ದ. ಹಾಗೆ 'ನಮ್ಮೋನಾದ' ಇಬ್ಬರು ಕಾವಲಿನವರನ್ನು ಅವಳು ಬಲ್ಲಳು. ಚರ್ಚಿನಲ್ಲಿ ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಯಾರೂ ಇಲ್ಲ," ಎಂದಳು.

ಅವನು ಬೂಟು ಕಳಚದೆಯೇ ಮಲಗಿ ಗೊರಕೆ ಹೊಡೆಯತೊಡಗಿದ. ಸೈಮಿ ಕಿಟಕಿಯ ಬೆಳಕಿಗೆ ಅಂಗೈ ಒಡ್ಡಿಕೊಂಡು, ಕಟ್ಟೆಯ ಮರದಿಂದ ಚುಚ್ಚಿದ್ದ ಸಿಬಿರನ್ನು ಸೂಜಿಯ ಮೊನೆಯಿಂದ ಸದ್ದಿಲ್ಲದೆ ಬಿಡಿಸುತ್ತ ಕುಳಿತಳು.